ಜಿಪ್ಸಿ ಸಾಫ್ಟ್‌ಟಾಪ್: ಹಿಂದಿನ ಪ್ಲಾಸ್ಟಿಕ್ ಕಿಟಕಿ ಅಷ್ಟೇ ಬದಲಿಸೋದು ಹೆಂಗ?

ಸೇಡಂರೋಡ್_ಜಿಪ್ಸಿ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಮಾರುತಿ ಜಿಪ್ಸಿ, ಬಟ್ಟಿ ಛಾವಣಿ (ಹುಡ್) ಇರೋ ಸಾಫ್ಟ್‌ಟಾಪ್. ಹುಡ್ಡಿನ ಬಟ್ಟಿ ಇನ್ನೂ ಗಟ್ಟಿ ಅದ, ಮಳ್ಯಾಗ ಸೋರಂಗಿಲ್ಲ. ಕೆಟ್ಟಿದ್ದು ಹಿಂದಿನ ಕಿಟಕಿ ಒಂದೇ. ಪ್ಲಾಸ್ಟಿಕ್ ಹಳದಿ ತಿರುಗ್ಯಾದ, ಬಳ್ಳಿಂದ ಒತ್ತಿದ್ರ ಚಟಚಟ ಅಂತದ, ಕೆಳಗಿನ ಎಡಮೂಲಿಯಿಂದ ಒಂದು ಗೇಣು ಸೀಳೂ ಬಿದ್ದದ. ರಾತ್ರಿ ಹಿಂದಿನ ಗಾಡಿ ಲೈಟ್ ಬಿತ್ತಂದ್ರ ಕನ್ನಡಿಯೊಳಗ ಬರೇ ಮಬ್ಬು. ಕಾಣೋ ಭಾಗದ ಅಳತಿ 95 × 42 ಸೆಂ.ಮೀ.

ಕೇಳಿದ ಕಡಿ ಎಲ್ಲಾ ಪೂರಾ ಹುಡ್ ಹೊಸಾದು ಹಾಕ್ರಿ ಅಂತಾರ. ಬಟ್ಟಿ ಛಲೋ ಇರೋವಾಗ ಯಾಕ ಬೇಕು? ಬರೇ ಪ್ಲಾಸ್ಟಿಕ್ ಬದಲಿಸ್ಲಿಕ್ಕೆ ಬರ್ತದೇನ್ರಿ? ಯಾವ ದಪ್ಪದ್ದು ತರಬೇಕು, ಆಟೋ ಹುಡ್ ಹೊಲಿಯೋರ ಮಷೀನಿನ್ಯಾಗ ಆಗ್ತದೋ ಇಲ್ಲೋ, ಹೊಲಿಗಿ ಬಿಟ್ಟು ಗಮ್ಮಿನಿಂದ ಅಂಟಿಸಿದ್ರ ನಡಿತದೋ?

ಹುಡ್‌ಮಷೀನ್ (ಕಲಬುರಗಿ)

ಬರ್ತದ್ರಿ. ಆದ್ರ ಮೊದಲ ಬಟ್ಟಿ ಪರೀಕ್ಷೆ ಮಾಡ್ರಿ. ಕಿಟಕಿ ಸುತ್ತಿನ ಹೊಲಿಗಿ ಪಕ್ಕದಾಗ ಎರಡೂ ಕೈಲಿಂದ ಹಿಡದು ಜಗ್ಗ್ರಿ. ಸೂಜಿ ತೂತು ಉದ್ದಾಗಿ ಬಾಯಿ ಬಿಟ್ಟವು ಅಂದ್ರ ಬಟ್ಟಿ ಹೊಸ ಹೊಲಿಗಿ ತಡಿಯಂಗಿಲ್ಲ, ಆಗ ಪೂರಾ ಹುಡ್ ಅಂದವರ ಮಾತು ಖರೆ. ತೂತು ಗುಂಡಗೇ ಉಳದ್ರ ಮುಂದ ಹೋಗ್ರಿ.

ಗಮ್ ಬ್ಯಾಡ. ಈ ಕಿಟಕಿ ಪ್ಲಾಸ್ಟಿಕ್ ಅಂದ್ರ ಮೆತ್ತನ ಪಿವಿಸಿ, ಅದರೊಳಗ ಅದನ್ನ ಮೆತ್ತಗ ಇಡೋ ಎಣ್ಣಿಯಂಥ ಪದಾರ್ಥ ಇರ್ತದ, ಪ್ಲಾಸ್ಟಿಸೈಜರ್ ಅಂತಾರ. ನಮ್ಮ ಬ್ಯಾಸಗಿ 42–43 ಡಿಗ್ರಿ ಬಿಸಲಿಗೆ ಅದು ನಿಧಾನಕ್ಕ ಮ್ಯಾಲ ಬರ್ತದ. ಹಂಗ ಬಂದದ್ದು ರಬ್ಬರ್ ಗಮ್ಮನ್ನ ಕರಗಿಸಿ ಜಿಗಟ ಮಾಡ್ತದ, ಅಂಚು ಬಿಡ್ತದ. ನಿಮ್ಮ ಹಳೇ ಕಿಟಕಿ ಚಟಚಟ ಅನ್ಲಿಕ್ಕೂ ಅದೇ ಕಾರಣ: ಪ್ಲಾಸ್ಟಿಸೈಜರ್ ಹೋಗಿ ಬರೇ ಬಿರುಸು ಹಾಳಿ ಉಳದದ. ಅದಕ್ಕ ಯಾವ ಪಾಲಿಶ್ ಹಚ್ಚಿದ್ರೂ ಉಪಯೋಗಿಲ್ಲ. ಪಾಲಿಶ್ ಏನಿದ್ರೂ ಮ್ಯಾಲಿನ ಗೀರು ತಗೀಲಿಕ್ಕೆ, ಅದೂ ಪ್ಲಾಸ್ಟಿಕ್ ಇನ್ನೂ ಮೆತ್ತಗ ಇದ್ರ.

ದಪ್ಪ 0.75 ಮಿ.ಮೀ. ತಗೋರಿ, ಅಂಗಡ್ಯಾಗ 750 ಮೈಕ್ರಾನ್ ಅನ್ರಿ. 0.5 ಓಡೋ ಗಾಳಿಗೆ ಬಡಕೊಂಡು ಹೊಲಿಗಿ ಹತ್ರ ಬೇಗ ದಣೀತದ. 1 ಮಿ.ಮೀ. ನೋಡ್ಲಿಕ್ಕೆ ಛಲೋ, ಆದ್ರ ಹುಡ್ ಮಡಚಿದಾಗ ಗೆರಿ ಬೀಳ್ತದ, ಆ ಗೆರಿ ಹೋಗಂಗಿಲ್ಲ. ಎಸಿ ಅಂಗಡಿ ಬಾಗಲಿಗೆ ಹಾಕೋ 2 ಮಿ.ಮೀ. ಪಟ್ಟಿ ಅಂತೂ ಮುಟ್ಟಬ್ಯಾಡ್ರಿ. ಟೇಬಲ್ ಮ್ಯಾಲ ಹಾಸೋ ರೋಲ್ ಸಸ್ತಾ ಸಿಗ್ತದ, ಅದರಾಗ ಬಿಸಲು ತಡಿಯೋ ಮಸಾಲಿ ಇರಂಗಿಲ್ಲ, ಬೇಗ ಹಳದಿ ಆಗ್ತದ. ಯುವಿ ತಡಿಯೋದು, ಪ್ರೆಸ್ ಪಾಲಿಶ್ ಆದದ್ದು (ಒತ್ತಿ ನುಣುಪು ಮಾಡಿದ್ದು) ಬೇಕು ಅಂತ ಬಾಯಿ ಬಿಟ್ಟು ಕೇಳ್ರಿ. ನಿಲ್ಲಿಸಿ ಓರಿ ಹಿಡದು ಟ್ಯೂಬ್‌ಲೈಟ್ ನೋಡ್ರಿ. ಟ್ಯೂಬಿನ ಗೆರಿ ಅಲಿ ಅಲಿ ಕಂಡ್ರ ಆ ರೋಲ್ ವಾಪಸ್. ರಾತ್ರಿ ಹಿಂದಿನ ಲೈಟು ಒಂದಕ್ಕ ಎರಡಾಗಿ ಕಾಣೋದು ಇಂಥ ಹಾಳಿಯೊಳಗೇ.

ಸಾಮಾನ್ಯವಾಗಿ ರೋಲ್ ಅಗಲ 54 ಇಂಚು, ಅಂದ್ರ 137 ಸೆಂ.ಮೀ. ನಿಮ್ಮ ಅಳತಿಗೆ ನಾಲ್ಕೂ ಕಡಿ 2 ಸೆಂ.ಮೀ. ಬಿಟ್ರ 99 × 46 ಆತು. ಒಂದು ಮೀಟರ್ ತಂದ್ರ ಎರಡು ತುಂಡು ಬರ್ತಾವ. ಎರಡನೇದು ವ್ಯರ್ಥ ಅಲ್ಲ, ಮಷೀನಿನ ದಾರದ ಬಿಗಿ (ಟೆನ್ಷನ್) ಕೂಡಿಸ್ಲಿಕ್ಕೆ ಅದರ ಮ್ಯಾಲೇ ಹೊಲದು ನೋಡ್ರಿ.

ದಾರ ಬಾಂಡೆಡ್ ಪಾಲಿಯೆಸ್ಟರ್ ಇರಲಿ, ವಿ-69 ಅಥವಾ ವಿ-92 (ಇವು ದಾರದ ದಪ್ಪದ ನಂಬರ್). ನೈಲಾನ್ ಜಗ್ಗಿದ್ರ ಗಟ್ಟಿ, ಬಿಸಲಿಗೆ ಸೋಲ್ತದ. ಕಾಟನ್ ಮಳಿಗಾಲಕ್ಕ ಕೊಳೀತದ. ಸೂಜಿ 18 ನಂಬರ್, ಹೊಸಾದು.

ಆಟೋ ಹುಡ್ ಹೊಲಿಯೋರ ಸಾದಾ ಮಷೀನಿನ್ಯಾಗ ಕೆಳಗಿನ ಹಲ್ಲು ಅಷ್ಟೇ ಬಟ್ಟಿ ದೂಡ್ತದ. ಮ್ಯಾಲಿನ ಪ್ಲಾಸ್ಟಿಕ್ ಪಾದಕ್ಕ ಹತ್ತಿಕೊಂಡು ನಿಲ್ತದ, ಬಟ್ಟಿ ಮುಂದ ಹೋಗ್ತದ, ಕೊನಿಗೆ ಒಂದು ಬಳ್ಳಿನಷ್ಟು ನಿರಿಗಿ ಉಳೀತದ. ಕಾರ್ ಸೀಟ್ ಕವರ್, ಸೋಫಾ ಹೊಲಿಯೋರ ಹತ್ರ ವಾಕಿಂಗ್ ಫೂಟ್ ಮಷೀನ್ ಇರ್ತದ, ಅದರಾಗ ಮ್ಯಾಲಿನ ಪಾದಾನೂ ನಡದು ಪ್ಲಾಸ್ಟಿಕ್ ದೂಡ್ತದ, ಅಲ್ಲಿ ಹೋಗ್ರಿ. ಅದು ಸಿಗಲಿಲ್ಲಂದ್ರ ಸಾದಾ ಮಷೀನಿಗೆ ಟೆಫ್ಲಾನ್ ಪಾದ ಹಾಕಿಸ್ರಿ. ಪಾದದ ತಳಕ್ಕ ಟೆಫ್ಲಾನ್ ಟೇಪ್ ಹಚ್ಚಿದ್ರೂ ನಡಿತದ.

ಬೀದರ್_ಬಯಲು

ಸಾಮಾನಿನ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಕೆಲಸ ಕೆಡುವುದು ಹೆಚ್ಚಾಗಿ ಹೊಲಿಯುವಾಗ ಅಲ್ಲ, ಬಿಚ್ಚುವಾಗ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹುಡ್ ಇನ್ನೂ ಚೌಕಟ್ಟಿನ ಮೇಲೆ ಬಿಗಿಯಾಗಿ ಕೂತಿರುವಾಗಲೇ ಬಟ್ಟೆಯ ಮೇಲೂ ಹಳೆಯ ಪ್ಲಾಸ್ಟಿಕ್ ಮೇಲೂ ಹಾಯುವಂತೆ ಗೆರೆ ಎಳೆಯಿರಿ. ಮೇಲಂಚು, ಕೆಳಅಂಚುಗಳ ನಟ್ಟನಡುವೆ ಒಂದೊಂದು, ಅಲ್ಲಿಂದ ಪ್ರತಿ 10 ಸೆಂ.ಮೀ.ಗೆ ಒಂದು, ಬದಿಗಳಲ್ಲೂ ಹಾಗೆಯೇ. ಬಟ್ಟೆಗೆ ದರ್ಜಿಯ ಚಾಕ್, ಪ್ಲಾಸ್ಟಿಕ್‌ಗೆ ಗ್ಲಾಸ್ ಮಾರ್ಕರ್. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಬಟ್ಟೆ ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿರುತ್ತದೆ, ಕಿಟಕಿಯ ರಂಧ್ರ ಈಗ ನಿಜವಾದ ಆಯತವಾಗಿರುವುದಿಲ್ಲ. ಸ್ಕೇಲ್ ಹಿಡಿದು ಚೌಕವಾಗಿ ಕತ್ತರಿಸಿದ ಹೊಸ ಹಾಳೆ ಅದಕ್ಕೆ ಕೂಡುವುದೇ ಇಲ್ಲ. ನಿಮ್ಮ ನಮೂನೆ ಹಳೆಯ ಕಿಟಕಿಯೇ.

ಹುಡ್ ಬಿಚ್ಚಿ ತಂದು ಸಪಾಟಾದ ನೆಲದ ಮೇಲೆ ಹಾಸಿ. ನಮ್ಮ ಕಡೆ ಮನೆಮನೆಗೂ ಶಹಾಬಾದ್ ಫರ್ಸಿ ಇದೆ, ಅದಕ್ಕಿಂತ ಒಳ್ಳೆಯ ಮೇಜು ಬೇಕಿಲ್ಲ. ಆದರೆ ಮೊದಲು ಒರೆಸಿ, ಮೇಲೆ ಹಳೆಯ ಬೆಡ್‌ಶೀಟ್ ಹಾಸಿ; ಕಲ್ಲಿನ ಪುಡಿಯ ಒಂದು ಕಣ ಸಾಕು, ಹೊಸ ಪ್ಲಾಸ್ಟಿಕ್‌ನ ನಡುಮಧ್ಯೆ ಗೀರು ಬೀಳುತ್ತದೆ. ಹೊಸ ಹಾಳೆಯನ್ನು ಹಿಂದಿನ ರಾತ್ರಿಯೇ ಸುರುಳಿ ಬಿಚ್ಚಿ ಹಾಸಿಡಿ.

ಹೊಲಿಗೆ ಬಿಚ್ಚುವಾಗ ಒಮ್ಮೆಲೇ ನಾಲ್ಕೂ ಕಡೆ ಬಿಚ್ಚಬೇಡಿ. ಮೇಲಂಚು ಬಿಚ್ಚಿ, ಹೊಸ ಹಾಳೆಯನ್ನು ಹಳೆಯದರ ಮೇಲಿಟ್ಟು ಗುರುತುಗಳನ್ನು ಹೊಸದಕ್ಕೆ ಇಳಿಸಿ, 6 ಮಿ.ಮೀ. ಅಗಲದ ಡಬಲ್ ಸೈಡ್ ಟೇಪ್‌ನಿಂದ ಮಧ್ಯದಿಂದ ಶುರುಮಾಡಿ ಎರಡೂ ಬದಿಗೆ ಅಂಟಿಸುತ್ತ ಹೋಗಿ, ಹೊಲಿಯಿರಿ. ಆಮೇಲೆ ಕೆಳಅಂಚು, ಕೊನೆಗೆ ಬದಿಗಳು. ಪಿನ್ ಚುಚ್ಚುವಂತಿಲ್ಲ, ಪ್ಲಾಸ್ಟಿಕ್‌ನಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಬ್ಲೇಡಿಗಿಂತ ದರ್ಜಿಯ ದಾರ ಬಿಚ್ಚುವ ಕೊಕ್ಕೆ ಒಳ್ಳೆಯದು: ಪ್ರತಿ ಮೂರನೇ ಹೊಲಿಗೆ ಕತ್ತರಿಸಿ, ಹಿಂದಿನಿಂದ ದಾರ ಎಳೆದರೆ ಬಟ್ಟೆಗೆ ಏನೂ ಆಗದು.

ಮೂಲೆಗಳನ್ನು ದುಂಡಗೆ ಕತ್ತರಿಸಿ, ಕನಿಷ್ಠ 5 ಸೆಂ.ಮೀ. ತ್ರಿಜ್ಯ. ನಿಮ್ಮ ಸೀಳು ಮೂಲೆಯಿಂದಲೇ ಶುರುವಾಗಿದ್ದಕ್ಕೆ ಕಾರಣ ಇದೆ: ಚೂಪು ಮೂಲೆಯಲ್ಲಿ ಎರಡೂ ಕಡೆಯ ಎಳೆತ ಒಂದೇ ಬಿಂದುವಿಗೆ ಬೀಳುತ್ತದೆ.

ಹೊಲಿಗೆಯ ಉದ್ದ 4ರಿಂದ 5 ಮಿ.ಮೀ. ಹತ್ತಿರ ಹತ್ತಿರ ಹೊಲಿದರೆ ಗಟ್ಟಿ ಎಂಬುದು ಅಂಗಿಗೆ ಸರಿ, ಇಲ್ಲಿ ತಪ್ಪು. ಅಂಚೆ ಚೀಟಿಯಂತೆ ತೂತಿನ ಸಾಲು ಬಿದ್ದು ಅದೇ ಗೆರೆಯಲ್ಲಿ ಹರಿಯುತ್ತದೆ. ಎರಡು ಸಾಲು ಹಾಕಿ, ನಡುವೆ 6–8 ಮಿ.ಮೀ. ಅಂತರ. ಸುತ್ತಳತೆ ಸುಮಾರು 2.75 ಮೀಟರ್, ಎರಡು ಸಾಲಿಗೆ 5.5 ಮೀಟರ್, ಮೇಲಿನ ದಾರ ಮತ್ತು ಬಾಬಿನ್ ಸೇರಿ ಅದರ ಮೂರು ಪಟ್ಟು ಲೆಕ್ಕ ಹಿಡಿದರೂ 17 ಮೀಟರ್ ದಾಟದು. ಬಾಬಿನ್ ತುಂಬಿಸಿಕೊಂಡೇ ಶುರುಮಾಡಿ, ನಡುವೆ ಮುಗಿದರೆ ಅಲ್ಲಿ ಮತ್ತೊಂದು ಗಂಟು.

ನಿಧಾನವಾಗಿ ಹೊಲಿಯಬೇಕು. ವೇಗ ಹೆಚ್ಚಾದರೆ ಸೂಜಿ ಕಾದು ಪಿವಿಸಿ ಕರಗಿ ಸೂಜಿಗೆ ಮೆತ್ತಿಕೊಳ್ಳುತ್ತದೆ, ದಾರ ತುಂಡಾಗುತ್ತದೆ. ಆಗಾಗ ಸಿಲಿಕೋನ್ ಹಚ್ಚಿದ ಬಟ್ಟೆಯಿಂದ ಸೂಜಿ ಒರೆಸಿ. ಮೂಲೆಯಲ್ಲಿ ಸೂಜಿ ಕೆಳಗಿಟ್ಟು ಪಾದ ಎತ್ತಿ ತಿರುಗಿಸಿ.

ಹುಡ್‌ಮಷೀನ್ (ಕಲಬುರಗಿ)

ಬೀದರಿನವರು ಹೇಳಿದ ಕ್ರಮ ಛಲೋ ಅದ. ಒಂದು ಸೇರಿಸ್ತೀನ್ರಿ, ಹಳೇ ತೂತಿನ ವಿಷಯ. ಭಾಳ ಮಂದಿ ಅದೇ ತೂತಿನ್ಯಾಗ ಸೂಜಿ ಇಳಸ್ತೀನಿ ಅಂತಾರ. ಮಷೀನಿನಿಂದ ಅದು ಆಗಂಗಿಲ್ಲ, ಒಂದೊಂದು ಸೂಜಿ ತೂತಿನ ಪಕ್ಕಕ್ಕ ಬಿದ್ದು ಎರಡೂ ಕೂಡಿ ಉದ್ದ ಸೀಳು ಆಗ್ತದ. ಹೊಸ ಗೆರಿ 3–4 ಮಿ.ಮೀ. ಹೊರಗ ಸರಸ್ರಿ, ಬಟ್ಟಿ ಅಲ್ಲಿ ಹೊಸಾದು ಇರ್ತದ. 2 ಸೆಂ.ಮೀ. ಅಂಚು ಬಿಡ್ರಿ ಅಂದದ್ದು ಅದಕ್ಕೇ. ಖಾಲಿ ಉಳದ ಹಳೇ ತೂತಿಗೆ ಒಳಗಿನಿಂದ ಸೀಮ್ ಸೀಲರ್ (ಹೊಲಿಗಿ ತೂತು ಮುಚ್ಚೋ ದ್ರಾವಣ) ತೆಳ್ಳಗ ಹಚ್ರಿ, ಒಂದು ದಿನ ಒಣಗಲಿ, ಅಲ್ಲೀ ತನ ಹುಡ್ ಮಡಚಬ್ಯಾಡ್ರಿ.

ಪ್ಲಾಸ್ಟಿಕ್ ಮ್ಯಾಲ ಕಂಪನಿ ತೆಳ್ಳನ ಹಾಳಿ ಹಚ್ಚಿ ಕಳಿಸಿದ್ರ ಅಂಚಿನ ಕಡಿ ಅಷ್ಟೇ ಸುಲೀರಿ. ನಡುವಿಂದು ಗಾಡಿಗೆ ಕಟ್ಟಿದ ಮ್ಯಾಲ ತಗೀರಿ.

ಸೇಡಂರೋಡ್_ಜಿಪ್ಸಿ (ಕಲಬುರಗಿ)

ಇಬ್ಬರಿಗೂ ಧನ್ಯವಾದ್ರಿ. ಎರಡು ಮಾತು ಉಳದಾವ. ಸಾಮಾನು ತರೋ ತನ ಈ ಸೀಳು ಮುಂದ ಹೋಗದಂಗ ಏನರೆ ಮಾಡ್ಲಿಕ್ಕೆ ಬರ್ತದೇನು? ಮತ್ತ ಹೊಸಾದು ಹಾಕಬೇಕಾದ್ರ ಕರಿ ಛಾಯಾ ಇರೋದು ಹಾಕಿದ್ರ ಬಿಸಲು ಕಮ್ಮಿ ಆಗ್ತದೇನ್ರಿ?

ಯಾದಗಿರಿ_ಗ್ಯಾರೇಜ್

ಸೀಳಿನ ತುದಿ ಎಲ್ಲಿ ನಿಂತದ ನೋಡಿ, ಅಲ್ಲಿ ಕಾಸಿದ ಮೊಳಿಂದ 3 ಮಿ.ಮೀ. ಗುಂಡನ ತೂತು ಮಾಡ್ರಿ. ಡ್ರಿಲ್ ಹಚ್ಚಬ್ಯಾಡ್ರಿ, ಬಿರುಸು ಪ್ಲಾಸ್ಟಿಕ್ ಮತ್ತ ಸೀಳ್ತದ. ಗುಂಡನ ಅಂಚಿಗೆ ಸೀಳು ನಿಲ್ತದ. ಆಮ್ಯಾಲ ಒಳಗೂ ಹೊರಗೂ ಪಾರದರ್ಶಕ ಪಿವಿಸಿ ಟೇಪ್ ಹಚ್ರಿ, ಹಚ್ಚೋ ಜಾಗಾ ಸಾಬೂನು ನೀರಿಂದ ತೊಳದು ಒಣಗಿಸಿ. ಮಳಿಗಾಲ ದಾಟಂಗಿಲ್ಲ ಇದು, ಸಾಮಾನು ಬರೋ ತನ ಸಾಕು. ಈಗ ಹುಡ್ ಮಡಚಬ್ಯಾಡ್ರಿ, ಅದೂ ಚಳಿಗಾಲದ ಮುಂಜಾನಿ ಅಂತೂ ಬ್ಯಾಡೇ ಬ್ಯಾಡ. ತಂಪಿಗೆ ಹಳೇ ಪಿವಿಸಿ ಮಡಿಕಿ ಮ್ಯಾಲೇ ಒಡೀತದ.

ಕರಿ ಛಾಯಾದ್ದು ಬ್ಯಾಡ. ಕೇಂದ್ರ ಮೋಟಾರು ವಾಹನ ನಿಯಮಗಳು 1989, 100ನೇ ನಿಯಮದ ಪ್ರಕಾರ ಹಿಂದಿನ ಕಿಟಕಿಯಿಂದ ಕನಿಷ್ಠ ಶೇ 70 ಬೆಳಕು ದಾಟಬೇಕು. ಗಾಜಿಗೆ ಕರಿ ಫಿಲ್ಮ್ ಹಚ್ಚೋದನ್ನ ಸುಪ್ರೀಂ ಕೋರ್ಟ್ 2012ರಾಗ ನಿಲ್ಲಿಸ್ಯಾದ. ಕಾಯ್ದೆ ಬಾಜೂಕ ಇಟ್ರೂ, ಕರಿ ಪ್ಲಾಸ್ಟಿಕ್ ಬಿಸಲು ಹೀರಿ ಹೆಚ್ಚು ಕಾಯ್ತದ, ಅಂದ್ರ ಆಯುಷ್ಯ ಕಮ್ಮಿ.

ಬಟ್ಟಿ ಅಷ್ಟು ಛಲೋ ಇದ್ರ ನನ್ನ ಸಲಹೆ ಬ್ಯಾರೆ ಅದ: ನೇರ ಹೊಲಿಯೋ ಬದಲು ಮೂರು ಕಡಿ ಜಿಪ್ ಇಡ್ರಿ. ಕೆಳಗೂ ಎರಡೂ ಬಾಜೂಕೂ ಜಿಪ್, ಮ್ಯಾಲ ಹೊಲಿಗಿ. ಬ್ಯಾಸಗ್ಯಾಗ ಕಿಟಕಿ ಸುತ್ತಿ ಮ್ಯಾಲ ಕಟ್ಟಿದ್ರ ಗಾಳಿ ಬರ್ತದ. 10 ನಂಬರಿನ ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ ತಗೋರಿ. ತಗಡಿನದು ಜಂಗ್ ಹಿಡೀತದ. ಸುರುಳಿ ಹಲ್ಲಿನದು ನಮ್ಮ ತೊಗರಿ ರಾಶಿ ಧೂಳಿಗೆ, ಸೇಡಂ–ವಾಡಿ ಕಡಿ ಸಿಮೆಂಟ್ ಧೂಳಿಗೆ ಸಿಕ್ಕೊಂಡು ನಿಲ್ತದ. ಜಿಪ್ ಮ್ಯಾಲ 4 ಸೆಂ.ಮೀ. ಬಟ್ಟಿ ಪಟ್ಟಿ ಇಳಿಬಿಡ್ರಿ, ಇಲ್ಲಾಂದ್ರ ಮಳಿ ನೀರು ಹಲ್ಲಿನ ನಡುವ ಒಳಗ ಬರ್ತದ. ಸ್ಲೈಡರ್ ಎರಡು ಇರಲಿ, ಎರಡೂ ಕೆಳಗ ನಡುವ ಬಂದು ಕೂಡಬೇಕು.

ಬೀದರ್_ಬಯಲು

ಜಿಪ್ ಸಲಹೆ ಚೆನ್ನಾಗಿದೆ, ಆದರೆ ವಾಕಿಂಗ್ ಫೂಟ್ ಮಷೀನ್ ಸಿಕ್ಕರೆ ಮಾತ್ರ. ದುಂಡು ಮೂಲೆಯಲ್ಲಿ ಜಿಪ್ ತಿರುಗಿಸಲು ಅದರ ಪಟ್ಟಿಗೆ ಪ್ರತಿ 1 ಸೆಂ.ಮೀ.ಗೆ ಸಣ್ಣ ಕಚ್ಚು ಹಾಕಬೇಕಾಗುತ್ತದೆ, ತ್ರಿಜ್ಯವೂ 5ರ ಬದಲು 8 ಸೆಂ.ಮೀ. ಬೇಕು. ಸಾದಾ ಮಷೀನ್ ಆದರೆ ನೇರ ಹೊಲಿಗೆಯೇ ಇರಲಿ.

ಹೊಲಿಯುವ ಹೊತ್ತಿನ ಬಗ್ಗೆ ಇನ್ನೊಂದು ಮಾತು. ಪಿವಿಸಿ ಕಾದಾಗ ಹಿಗ್ಗುತ್ತದೆ. ಏಪ್ರಿಲ್–ಮೇ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಸಪಾಟಾಗಿ ಹೊಲಿದ ಕಿಟಕಿ ಡಿಸೆಂಬರ್ ಬೆಳಿಗ್ಗೆ ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ, ಬಟನ್‌ಗಳು ಕೂಡುವುದಿಲ್ಲ. ಚಳಿಯಲ್ಲಿ ಹೊಲಿದದ್ದು ಬೇಸಿಗೆಯಲ್ಲಿ ಅಲೆಅಲೆಯಾಗುತ್ತದೆ. ನೆರಳಿನಲ್ಲಿ 25–30 ಡಿಗ್ರಿ ಇರುವಾಗ ಮಾಡಿಸಿ. ಬೇಸಿಗೆಯಾದರೆ ಬೆಳಿಗ್ಗೆ ಏಳರೊಳಗೆ ಶುರು. ಹಾಳೆಯನ್ನು ಎಳೆದು ಬಿಗಿ ಮಾಡಬೇಡಿ, ಗುರುತಿಗೆ ಗುರುತು ಕೂಡಿದರೆ ಸಾಕು. ಬಿಗಿ ಬರಬೇಕಾದದ್ದು ಚೌಕಟ್ಟಿಗೆ ಕಟ್ಟಿದಾಗ.

ವಾಪಸ್ ಕಟ್ಟುವ ಮೊದಲು ಹುಡ್ಡನ್ನು ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಇಡಿ, ಮೆತ್ತಗಾಗುತ್ತದೆ. ಮುಂದಿನ ಅಂಚು ಮೊದಲು, ಆಮೇಲೆ ಬದಿಗಳು, ಹಿಂದಿನ ಬಟನ್ ಕೊನೆಗೆ, ಅದೂ ನಡುವಿನಿಂದ ಹೊರಕ್ಕೆ. ಹಿಂದಿನ ಬಟನ್ ಕೂಡಲು ಒಂದು ಸೆಂಟಿಮೀಟರ್ ಕಡಿಮೆ ಬಿದ್ದರೆ ಜೋರು ಮಾಡಿ ಎಳೆಯಬೇಡಿ. ಬದಿಯ ಬಟನ್ ಬಿಚ್ಚಿ ಹುಡ್ಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿ.

ಹುಡ್‌ಮಷೀನ್ (ಕಲಬುರಗಿ)

ತೊಳಿಯೋದರ ಬಗ್ಗೆ ಯಾರೂ ಹೇಳಿಲ್ಲ. ಒಣ ಬಟ್ಟಿಂದ ಧೂಳು ಒರಸಬ್ಯಾಡ್ರಿ, ಪ್ಲಾಸ್ಟಿಕ್ ಮಬ್ಬಾಗೋದು ಮೊದಲು ಅದರಿಂದೇ. ಧಾರಾಳ ನೀರು ಹಾಕಿ ಧೂಳು ಇಳಿಸಿ, ಆಮ್ಯಾಲ ಮೆತ್ತನ ಸಾಬೂನು, ಹತ್ತಿ ಬಟ್ಟಿ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರೋ ಗಾಜು ತೊಳಿಯೋ ದ್ರಾವಣ ಯಾವುದೂ ಮುಟ್ಟಿಸಬ್ಯಾಡ್ರಿ. ಬೋರ್ ನೀರು ಬಿಸಲಿನ್ಯಾಗ ಒಣಗಿದ್ರ ಸುಣ್ಣದ ಬಿಳಿ ಚುಕ್ಕಿ ಕೂಡ್ತಾವ, ಅದನ್ನ ತಿಕ್ಕಿದ್ರ ಗೀರು. ಕೊನಿಗೆ ಒಂದು ಮಗ್ ಫಿಲ್ಟರ್ ನೀರು ಹಾಕಿ ಅಲ್ಲೇ ಒತ್ತಿ ಒರಸ್ರಿ. ಮಡಚೋವಾಗ ಕಿಟಕಿ ಮ್ಯಾಲ ಒಂದು ಮೆತ್ತನ ಬಟ್ಟಿ ಹಾಸಿ ಮಡಚ್ರಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಹತ್ತಂಗಿಲ್ಲ.