ಸೋರೆ, ಡ್ರ್ಯಾಗನ್ ಎರಡೂ ರಾತ್ರಿ ಹೂ ಬಿಡುತ್ತಿವೆ, ಎರಡರಲ್ಲೂ ಕಾಯಿ ನಿಲ್ಲುತ್ತಿಲ್ಲ

ತಾರಸಿ_ಮೈಸೂರು

ಒಂದೇ ಜಿಐ ಪೈಪಿನ ಚಪ್ಪರಕ್ಕೆ ಎರಡು ಗಿಡ ಹಬ್ಬಿಸಿದೆ. ಒಂದು ಅರ್ಕಾ ಬಹಾರ್ ಸೋರೆ, 18 ಇಂಚಿನ ಗ್ರೋ ಬ್ಯಾಗಿನಲ್ಲಿ, ಬಿತ್ತಿ ಎರಡು ತಿಂಗಳು. ಇನ್ನೊಂದು ಕೆಂಪು ತಿರುಳಿನ ಡ್ರ್ಯಾಗನ್ ಫ್ರೂಟ್, ಕಡ್ಡಿ ನೆಟ್ಟದ್ದು, ಇದು ಮೂರನೇ ವರ್ಷ. ಎರಡಕ್ಕೂ ಒಂದೇ ಡ್ರಿಪ್ ಲೈನ್, ದಿನಾ ಬೆಳಿಗ್ಗೆ 10 ನಿಮಿಷ ನೀರು.

ಸೋರೆಯಲ್ಲಿ ಹೂವೆಲ್ಲ ಉದುರುತ್ತಿದೆ. ಅಪರೂಪಕ್ಕೆ ಕಾಣುವ ಕಾಯಿ ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ಹಳದಿಯಾಗಿ ತುದಿಯಿಂದ ಕೊಳೆಯುತ್ತದೆ. ಡ್ರ್ಯಾಗನ್ ಹೂವು ಅರಳಿದ ಐದಾರು ದಿನಕ್ಕೆ ಬುಡಸಮೇತ ಹಳದಿ ತಿರುಗಿ ಬೀಳುತ್ತದೆ. ಬೆಳಿಗ್ಗೆ 7ಕ್ಕೆ ಎರಡಕ್ಕೂ ಬ್ರಷ್‌ನಿಂದ ಪರಾಗ ಸ್ಪರ್ಶ ಮಾಡುತ್ತಿದ್ದೇನೆ. ಬೋರಾನ್ ಕೊರತೆ ಇರಬಹುದೇ? ಎಷ್ಟು ಹಾಕಬೇಕು?

ಚಪ್ಪರ

ಬೋರಾನ್ ಸದ್ಯಕ್ಕೆ ಬೇಡ ಸರ್. ಅದು ಬೇಕಾಗುವ ಪ್ರಮಾಣಕ್ಕೂ ಸುಡುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಮೊದಲು ಇಷ್ಟು ಹೇಳಿ: ಉದುರುವ ಸೋರೆ ಹೂವಿನ ಹಿಂದೆ ಪುಟ್ಟ ಕಾಯಿ ಇದೆಯೋ, ಬರೀ ಉದ್ದ ತೊಟ್ಟೋ? ಕೊಳೆತ ಕಾಯಿ ಸೀಳಿದರೆ ಹುಳು ಇದೆಯೇ? ಡ್ರ್ಯಾಗನ್ ಎಷ್ಟು ತಳಿ ಇದೆ?

ತಾರಸಿ_ಮೈಸೂರು

ಮುಕ್ಕಾಲು ಪಾಲು ಉದ್ದ ತೊಟ್ಟಿನ ಹೂವುಗಳೇ. ಹುಳು ಇಲ್ಲ, ಸಿಪ್ಪೆಯ ಮೇಲೆ ಚುಚ್ಚಿದ ಗುರುತೂ ಇಲ್ಲ. ಡ್ರ್ಯಾಗನ್ ನಾಲ್ಕು ಬುಡ ಇವೆ, ನಾಲ್ಕೂ ಒಂದೇ ತಾಯಿಗಿಡದ ಕಡ್ಡಿ.

ಚಪ್ಪರ

ಹಾಗಿದ್ದರೆ ಲಕ್ಷಣ ಒಂದೇ, ಕಾರಣ ಬೇರೆ ಬೇರೆ. ಎರಡೂ ಕತ್ತಲಲ್ಲಿ ಅರಳುವ ಬಿಳಿ ಹೂವು, ಎರಡಕ್ಕೂ ಹಾಕ್ ಮಾತ್ ಎನ್ನುವ ದೊಡ್ಡ ನಿಶಾಚರಿ ಪತಂಗ ಬರುತ್ತದೆ. ಹೋಲಿಕೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಸೋರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಉದ್ದ ತೊಟ್ಟಿನದು ಗಂಡು, ಅದು ಉದುರಲೇಬೇಕು, ಅದಕ್ಕೆ ಮದ್ದಿಲ್ಲ. ಹೂವಿನ ಹಿಂದೆ ರೋಮವಿರುವ ಮರಿಕಾಯಿ ಇದ್ದರೆ ಅದು ಹೆಣ್ಣು. ಹೂವು ಸಂಜೆ 5–6ರ ಸುಮಾರಿಗೆ ಅರಳಿ ಮರುದಿನ ಬೆಳಿಗ್ಗೆ ಬಾಡುತ್ತದೆ. ನೀವು 7ಕ್ಕೆ ಬ್ರಷ್ ಹಿಡಿದು ಹೋಗುವಾಗ ಅದರ ಕೆಲಸ ಮುಗಿದಿರುತ್ತದೆ. ಕುಂಬಳ, ಸೌತೆ ಬೆಳಿಗ್ಗೆ ಅರಳುವುದರಿಂದ ಸೋರೆಯೂ ಹಾಗೇ ಎಂದುಕೊಳ್ಳುವವರು ತುಂಬಾ ಜನ. ಹೀರೆಯೂ ಸಂಜೆಯದೇ.

ಸಂಜೆ 6ರಿಂದ 9ರೊಳಗೆ ಅಂದೇ ಅರಳಿದ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಪರಾಗದ ಗಂಟನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ (ನಡುವೆ ಪರಾಗ ಹಿಡಿಯುವ ತುದಿಗೆ) ಮೆತ್ತಗೆ ಒರೆಸಿ. ಶಲಾಕಾಗ್ರದ ಎಲ್ಲ ಸೀಳಿಗೂ ಹಳದಿ ಪುಡಿ ಅಂಟಬೇಕು. ಒಂದೇ ಬದಿಗೆ ತಾಗಿದರೆ ಕಾಯಿ ಸೊಟ್ಟಗಾಗಬಹುದು. ಬ್ರಷ್ ಬೇಕಿಲ್ಲ, ಅರ್ಧ ಪರಾಗ ಅದರ ಕೂದಲಲ್ಲೇ ಉಳಿಯುತ್ತದೆ. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕು. ತೊಟ್ಟಿಗೆ ದಾರ ಕಟ್ಟಿ ಗುರುತಿಡಿ. ಹಿಡಿದಿದ್ದರೆ ನಾಲ್ಕೈದು ದಿನದಲ್ಲೇ ಕಾಯಿ ದಪ್ಪವಾಗಿ ಕೆಳಕ್ಕೆ ಬಾಗುತ್ತದೆ, 12–15 ದಿನಕ್ಕೆ ಎಳೆಕಾಯಿ ಕೊಯ್ಯಬಹುದು.

ಮುಂದೆ ಹುಳು ಕಂಡರೆ ಅದು ಹಣ್ಣುನೊಣ, ಅದರ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ ಲೂರ್ ಬಲೆ ಕಟ್ಟಿ. ಪರಾಗ ಸಿಗದ ಕಾಯಿ ಹುಳುವಿಲ್ಲದೆ ಹೂವಿನ ತುದಿಯಿಂದ ಹಳದಿಯಾಗುತ್ತದೆ. ನಿಮ್ಮದು ಅದೇ.

ಕಳ್ಳಿಸಾಲು

ಡ್ರ್ಯಾಗನ್ ವಿಷಯ ನಾನು ಹೇಳುತ್ತೇನೆ. ಇಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ, ಆದರೂ ಕಾಯಿ ಕಟ್ಟದಿರಲು ಕಾರಣ ಬೇರೆ. ಬಿಳಿ ತಿರುಳಿನ ಸಾಮಾನ್ಯ ತಳಿ ತನ್ನದೇ ಪರಾಗದಿಂದ ಹೆಚ್ಚಾಗಿ ಕಾಯಿ ಕಟ್ಟುತ್ತದೆ. ಕೆಂಪು ತಿರುಳಿನ ಹಲವು ತಳಿಗಳು ಸ್ವಂತ ಪರಾಗ ಒಪ್ಪುವುದಿಲ್ಲ. ನಿಮ್ಮಲ್ಲಿ ನಾಲ್ಕು ಬುಡ ಇದ್ದರೂ ಒಂದೇ ತಾಯಿಯ ಕಡ್ಡಿಗಳಾದ್ದರಿಂದ ಪರಾಗದ ಲೆಕ್ಕದಲ್ಲಿ ಅವು ಒಂದೇ ಗಿಡ. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಎಷ್ಟು ಒರೆಸಿದರೂ ಪ್ರಯೋಜನ ಕಾಣುವುದಿಲ್ಲ.

ಬೇರೆ ತಳಿಯ ಪರಾಗ ತರಬೇಕು, ಬಿಳಿ ತಿರುಳಿನದಾದರೂ ಸರಿ. ಬೇರೆಯವರ ಗಿಡದಲ್ಲಿ ರಾತ್ರಿ 9ರ ಮೇಲೆ ಅರಳಿದ ಹೂವಿಗೆ ಪೇಪರ್ ಕವರ್ ಹಿಡಿದು ತಟ್ಟಿದರೆ ಚಮಚದಷ್ಟು ಪುಡಿ ಉದುರುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಫ್ರಿಜ್ಜಿನಲ್ಲಿ ಕೆಲವು ದಿನ, ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಬರುತ್ತದೆ. ಒದ್ದೆಯಾದರೆ ಎಸೆಯಿರಿ. ಇಲ್ಲಿ ಮಾತ್ರ ಬ್ರಷ್ ಒಳ್ಳೆಯದು: ಹೂವಿನ ನಡುವೆ ನಕ್ಷತ್ರದಂತೆ ಹರಡಿದ ಶಲಾಕಾಗ್ರಕ್ಕೆ ಪುಡಿ ಧಾರಾಳವಾಗಿ ಹಚ್ಚಿ. ಸಮಯ ರಾತ್ರಿ 8ರಿಂದ ಬೆಳಗಿನ ಜಾವದವರೆಗೆ. ಬೆಳಿಗ್ಗೆ ಜೇನು ಬರುತ್ತದೆ ನಿಜ, ಆದರೆ ಶಲಾಕಾಗ್ರ ಪರಾಗಕೋಶಗಳಿಗಿಂತ ಮುಂದೆ ಚಾಚಿರುವುದರಿಂದ ಅದನ್ನು ಮುಟ್ಟದೆಯೇ ಪರಾಗ ಹೊತ್ತು ಹೋಗುವುದೇ ಜಾಸ್ತಿ.

ನಮ್ಮಲ್ಲಿ ಇದರ ಹೂವು ಮಳೆಗಾಲಕ್ಕೇ ಬರುವುದು. ಮಳೆ ಸೂಚನೆ ಇದ್ದರೆ ಪರಾಗ ಹಚ್ಚಿದ ಮೇಲೆ ಹೂವಿಗೆ ಕವರ್ ಸಡಿಲವಾಗಿ ಹೊದಿಸಿ, ಕೆಳಗಡೆ ಗಾಳಿಗೆ ಬಿಡಿ. ಹಿಡಿದರೆ ಹೂವು ಒಣಗಿದರೂ ಬುಡ ಹಸಿರಾಗೇ ಉಳಿಯುತ್ತದೆ. ಹಣ್ಣಿಗೆ ಸುಮಾರು ಒಂದು ತಿಂಗಳು.

ಇನ್ನೊಂದು, ಡ್ರಿಪ್ ಲೈನನ್ನು ಇವತ್ತೇ ಬೇರೆ ಮಾಡಿ. ಸೋರೆಯ ಅಗಲ ಎಲೆ ಹಗಲಿಡೀ ನೀರು ಆವಿ ಮಾಡುತ್ತದೆ, ಬೇಸಿಗೆಯಲ್ಲಿ ಅದಕ್ಕೆ ದಿನಕ್ಕೆರಡು ಸಲ ಕೊಟ್ಟರೂ ತಪ್ಪಿಲ್ಲ. ಡ್ರ್ಯಾಗನ್ ಕಳ್ಳಿ ಜಾತಿಯದು, ನೀರಾವಿ ಹೊರಹೋಗುವ ಸೂಕ್ಷ್ಮ ಪತ್ರರಂಧ್ರಗಳನ್ನು ಅದು ತೆರೆಯುವುದೇ ರಾತ್ರಿ, ಹಗಲಲ್ಲಿ ನೀರು ಬಿಡುವುದು ಅತ್ಯಲ್ಪ. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲೆ ನೀರು ಸಾಕು, ಮಳೆ ಹಿಡಿದರೆ ಪೂರ್ತಿ ನಿಲ್ಲಿಸಿ. ಬುಡ ಕಂದಾಗಿ ಮೆತ್ತಗಾದರೆ ಕೊಳೆರೋಗ ಬಂತೆಂದೇ ಲೆಕ್ಕ. ಡ್ರ್ಯಾಗನ್ ಕಡೆಗೆ ಒಂದು ವಾಲ್ವ್ ಹಾಕಿದರೆ ಮುಗಿಯಿತು.

ಚಪ್ಪರವೂ ಬೇರೆ ಇರಲಿ. ಸೋರೆ ಸುತ್ತುವ ಕುಡಿಗಳಿಂದ ತಂತಿ ಹಿಡಿಯುತ್ತದೆ, ಜಿಐ ಪೈಪು ಅದಕ್ಕೆ ಸಾಕು. ಡ್ರ್ಯಾಗನ್ ಹಿಡಿಯುವುದು ಗಾಳಿಬೇರಿನಿಂದ. ನುಣುಪು ಪೈಪು ಜಾರುತ್ತದೆ, ಬಿಸಿಲಿಗೆ ಕಾಯುತ್ತದೆ. ಒರಟು ಕಲ್ಲುಕಂಬ ಉತ್ತಮ, ತಾರಸಿಯಲ್ಲಿ ಆಗದಿದ್ದರೆ ಪೈಪಿಗೆ ಗೋಣಿಚೀಲ ಸುತ್ತಿ. ಮುಖ್ಯವಾಗಿ, ಸೋರೆ ಎಲೆ ಡ್ರ್ಯಾಗನ್ ಮೇಲೆ ನೆರಳು ಹಾಕಿದರೆ ಮುಂದಿನ ಮೊಗ್ಗೇ ಕಡಿಮೆಯಾಗುತ್ತದೆ.

ಹಸಿರುಗೊಬ್ಬರ

ಸೋರೆಗೆ 3ಜಿ ಕಟಿಂಗ್ (ಮುಖ್ಯ ಬಳ್ಳಿಯ, ಆಮೇಲೆ ಕವಲಿನ ತುದಿ ಚಿವುಟಿ ಮೂರನೇ ಹಂತದ ಕವಲು ಬರಿಸುವುದು) ಮಾಡಿದರೆ ಹೆಣ್ಣು ಹೂ ಜಾಸ್ತಿ ಬರುತ್ತವಲ್ಲ, ಅದನ್ನು ಯಾರೂ ಹೇಳಲಿಲ್ಲ.

ಚಪ್ಪರ

ಬರುತ್ತವೆ, ಹೆಣ್ಣು ಹೂ ಕವಲುಗಳಲ್ಲೇ ಹೆಚ್ಚು. ಆದರೆ 18 ಇಂಚಿನ ಬ್ಯಾಗ್ ಒಮ್ಮೆಗೆ ಮೂರ್ನಾಲ್ಕು ಕಾಯಿಗಿಂತ ಹೆಚ್ಚು ಸಾಕಲಾರದು. ಮುಖ್ಯ ಬಳ್ಳಿ ಚಪ್ಪರ ಮುಟ್ಟಿದಾಗ ಒಮ್ಮೆ ತುದಿ ಚಿವುಟಿ, ಬರುವ ಕವಲುಗಳನ್ನು ಹಾಗೇ ಬಿಡಿ. ಮೂರನೇ ಹಂತ ನೆಲದ ಬಳ್ಳಿಗೆ ಸರಿ, ಬ್ಯಾಗಿಗೆ ಅತಿ. ಕಡಲೆಹಿಂಡಿ ನೀರು, ಯೂರಿಯಾ ಕೊಡುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ, ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಗೂ ಗಂಡು ಹೂವಿಗೂ ತಿರುಗುತ್ತದೆ.

ತಾರಸಿ_ಮೈಸೂರು

ಹಿಂಡಿ ನೀರು ವಾರಕ್ಕೆರಡು ಸಲ ಹೋಗುತ್ತಿದೆ, ನಿಲ್ಲಿಸುತ್ತೇನೆ. ಡ್ರ್ಯಾಗನ್ ಪರಾಗ ಸಿಗದಿದ್ದರೆ ಪಕ್ಕದಲ್ಲಿ ಬಿಳಿ ತಿರುಳಿನ ಕಡ್ಡಿ ನೆಟ್ಟರೆ ಸಾಕೇ?

ಕಳ್ಳಿಸಾಲು

ಸಾಕು, ಆದರೆ ಅದು ಹೂ ಬಿಡಲು ಒಂದೆರಡು ವರ್ಷ ಬೇಕು, ಬೀಜದ ಸಸಿಯಾದರೆ ಇನ್ನೂ ತಡ. ತುಮಕೂರಿನ ಹಿರೇಹಳ್ಳಿಯಲ್ಲಿ ಐಐಎಚ್‌ಆರ್‌ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಪ್ರಯೋಗ ಕೇಂದ್ರ ಈ ಬೆಳೆಯ ಮೇಲೆ ಕೆಲಸ ಮಾಡುತ್ತಿದೆ, ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಕಡ್ಡಿ ಒಂದು ಅಡಿಯದಿರಲಿ, ಕತ್ತರಿಸಿದ ಬಾಯಿ ನೆರಳಲ್ಲಿ ಒಂದು ವಾರ ಒಣಗಲಿ, ಆಮೇಲೆ ಬುಡದ ಕಡೆಯನ್ನೇ ಕೆಳಗಿಟ್ಟು ನೆಡಿ. ಈ ಸಾಲಿನ ಹೂವಿಗೆ ಮಾತ್ರ ಪರಾಗ ಹೊರಗಿನಿಂದಲೇ ತರಬೇಕು.