ಸಹಾಯ ಬೇಕು: ಲೈವ್ ಚೆನ್ನಾಗಿದೆ, ಸ್ನ್ಯಾಪ್‌ಶಾಟ್ ಮಾತ್ರ ಅರ್ಧ ಬೂದು

ಗೇಟಿನ 4 ಮೆಗಾಪಿಕ್ಸೆಲ್ ವೈಫೈ ಕ್ಯಾಮೆರಾ, ಹಳೇ ಆಂಡ್ರಾಯ್ಡ್ ಟ್ಯಾಬಿನ ಆಪ್‌ಗೆ ಆರ್‌ಟಿಎಸ್‌ಪಿಯಲ್ಲಿ (ನೆಟ್‌ವರ್ಕ್ ಮೇಲೆ ಲೈವ್ ವಿಡಿಯೋ ತರಿಸೋ ವಿಧಾನ) ಸೇರಿಸಿದೆ. ಯಾರಾದ್ರೂ ಓಡಾಡಿದ್ರೆ ಆಪ್ ಫೋಟೋ ಹಿಡಿಯುತ್ತೆ, ಆದ್ರೆ ಮೇಲಿನ ಭಾಗ ಮಾತ್ರ ಸರಿ, ಕೆಳಗೆಲ್ಲ ಬೂದು ಪಟ್ಟಿ. ತಲೆ ಕಾಣುತ್ತೆ, ಕೈಯಲ್ಲೇನಿದೆ ಅಂತ ಕಾಣಲ್ಲ.

ಡೇಟಾ ಸಾಗಿಸೋ ವಿಧಾನ ಯುಡಿಪಿ ಬಿಟ್ಟು, ಕಳೆದ ಪ್ಯಾಕೆಟ್ ಮತ್ತೆ ಕಳಿಸೋ ಟಿಸಿಪಿ ಮಾಡಿಯಾಯ್ತು. ವಿಡಿಯೋ ಕಂಪ್ರೆಷನ್ ಎಚ್.265 ತೆಗೆದು ಎಚ್.264 ಹಾಕಿಯಾಯ್ತು. 25 ಎಫ್‌ಪಿಎಸ್‌ಗೆ (ಸೆಕೆಂಡಿಗೆ 25 ಫ್ರೇಮ್) ಐ-ಫ್ರೇಮ್ (ಪೂರ್ತಿ ಚಿತ್ರ ಇರೋ ಫ್ರೇಮ್, ಉಳಿದವುಗಳಲ್ಲಿ ಬದಲಾವಣೆ ಮಾತ್ರ) ಅಂತರ 100 ಫ್ರೇಮ್ ಇತ್ತು, ಅಂದ್ರೆ 4 ಸೆಕೆಂಡಿಗೊಂದು ಪೂರ್ತಿ ಚಿತ್ರ. ಅದನ್ನ 25ಕ್ಕೆ ಇಳಿಸಿದ ಮೇಲೆ ಹಗಲಿನ ಕಾಟ ಹೋಯ್ತು. ರಾತ್ರಿ ಐಆರ್ (ಕ್ಯಾಮೆರಾದ ಇನ್‌ಫ್ರಾರೆಡ್ ದೀಪ) ಹತ್ತಿದ್ರೆ ಮತ್ತೆ ಅದೇ ಕಥೆ. ಕತ್ತಲಲ್ಲಿ ನಾಯ್ಸ್ (ಚಿತ್ರದಲ್ಲಿ ಕಾಳು ಕಾಳು) ಜಾಸ್ತಿ, ಐ-ಫ್ರೇಮ್ ದಪ್ಪ ಆಗುತ್ತೆ, ಗೇಟಿನ ಹತ್ರ -76 ಡಿಬಿಎಂನ ದುರ್ಬಲ ವೈಫೈ ಸಿಗ್ನಲ್ಲಿಗೆ ಅದು ಭಾರ ಅನ್ನೋದು ನನ್ನ ಅಂದಾಜು. ಆದ್ರೆ ಅದೇ ಹೊತ್ತಿಗೆ ಅದೇ ಲಿಂಕ್ ವಿಎಲ್‌ಸಿ ವಿಡಿಯೋ ಪ್ಲೇಯರ್‌ನಲ್ಲಿ ಒಂದು ಕಲೆ ಇಲ್ಲದೆ ಓಡುತ್ತೆ! (ಅದಕ್ಕೆ 1000 ಮಿಲಿಸೆಕೆಂಡ್ ಬಫರ್, ಅಂದ್ರೆ ತಡವಾದ ಡೇಟಾಗೆ ಕಾಯೋ ಅವಕಾಶ ಇದೆ, ನಿಜ.) ಟಿಸಿಪಿಯಲ್ಲಿ ಪ್ಯಾಕೆಟ್ ತಡ ಆಗಬಹುದು, ಕಳೆದುಹೋಗಬಾರದಲ್ವಾ? ಇಲ್ಲೇ ತಲೆ ಕೆಟ್ಟಿರೋದು.

ಫ್ರೇಮ್ ಪೂರ್ತಿ ಬರೋ ಮೊದಲೇ ಆಪ್ ಚಿತ್ರ ಕಿತ್ಕೊಳ್ತಿದೆಯಾ? ಆನ್‌ವಿಫ್ (ಬೇರೆ ಬೇರೆ ಕಂಪನಿ ಕ್ಯಾಮೆರಾಗಳ ಸಾಮಾನ್ಯ ಮಾನದಂಡ) ಸ್ನ್ಯಾಪ್‌ಶಾಟ್ ವಿಳಾಸದಿಂದ ನೇರವಾಗಿ ಜೆಪೆಗ್ ತರಿಸ್ಕೊಂಡ್ರೆ ಸರಿ ಹೋಗುತ್ತಾ, ಇಲ್ಲ ರಾತ್ರಿಗೆ ಬಿಟ್‌ರೇಟ್ (ಸೆಕೆಂಡಿಗೆ ಕಳಿಸೋ ಡೇಟಾ) ಇಳಿಸಲೇಬೇಕಾ?