ಅಪ್‌ಡೇಟ್: 110 ಕೆಜಿ ಭಾರಕ್ಕೆ ಕೊನೆಗೂ ಹಾಸಿಗೆ ಸಿಕ್ಕಿತು

ಮೂರು ವಾರದ ಹಿಂದೆ ಇಲ್ಲಿ ಕೇಳಿದ್ದೆ, ನೆನಪಿದೆಯಾ? ತೂಕ 110 ಕೆಜಿ, ಮೆಮೊರಿ ಫೋಮ್ ಹಾಸಿಗೆ ಒಂದೂವರೆ ವರ್ಷಕ್ಕೇ ಸೊಂಟದ ಹತ್ತಿರ ಗುಂಡಿ ಬಿದ್ದಿದೆ, ಬೆಳಗ್ಗೆ ಬೆನ್ನು ನೆಟ್ಟಗಾಗಲ್ಲ, ಯಾವ ಹಾಸಿಗೆ ಕೊಳ್ಳಲಿ ಅಂತ.

ಮೊದಲು ಕೆಳಗೆ ಪ್ಲೈವುಡ್ ಹಾಕಿದೆ. ಏನೂ ಆಗಲಿಲ್ಲ, ಗುಂಡಿ ಇರುವುದು ಫೋಮಿನಲ್ಲೇ ಅಲ್ವಾ. ಆಮೇಲೆ 'ಭಾರ ಇರೋರಿಗೆ ಗಟ್ಟಿ ತೆಂಗಿನ ನಾರಿನದ್ದೇ ಸರಿ' ಅಂದವರ ಮಾತು ಕೇಳಿ ಅಣ್ಣನ ಮನೆಯಲ್ಲಿ ಅಂಥದ್ದರ ಮೇಲೆ ನಾಲ್ಕು ರಾತ್ರಿ ಮಲಗಿದೆ. ಅಂಗಾತ ಮಲಗಿದರೆ ಪರವಾಗಿಲ್ಲ. ನಾನು ಮಲಗುವುದು ಮಗ್ಗುಲಾಗಿ, ಭುಜ ಜೋಮು ಹಿಡಿಯಿತು.

ಕೈ ಹಿಡಿದದ್ದು 'ಪಾಕೆಟ್ ಸ್ಪ್ರಿಂಗ್, ಮೇಲೆ ಲೇಟೆಕ್ಸ್, ಮೀಡಿಯಂ ಫರ್ಮ್, 10 ಇಂಚು' ಅಂದವರ ಸಲಹೆ. ಅಂದರೆ ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ, ಅದರ ಮೇಲೆ ರಬ್ಬರ್ ಫೋಮಿನ ಪದರ, ತೀರಾ ಮೆತ್ತಗೂ ಅಲ್ಲ, ತೀರಾ ಗಟ್ಟಿಯೂ ಅಲ್ಲ. ಅವರಿಗೊಂದು ಫಿಲ್ಟರ್ ಕಾಫಿ ಬಾಕಿ. ಅಂಗಡಿಯಲ್ಲಿ ಸುಮ್ನೆ ಕೈಯಲ್ಲಿ ಒತ್ತಿ ನೋಡದೆ ಹದಿನೈದು ನಿಮಿಷ ಮಗ್ಗುಲಾಗಿ ಮಲಗಿದೆ, ಬೆನ್ನುಮೂಳೆ ನೇರ ಇದೆಯಾ ಅಂತ ಹೆಂಡತಿ ಹಿಂದಿನಿಂದ ನೋಡಿದಳು, ಅಂಗಡಿಯ ಹುಡುಗರು ನಕ್ಕರು, ನಗಲಿ ಬಿಡಿ. ಹನ್ನೆರಡು ದಿನ ಆಯ್ತು. ನೋವು ಪೂರ್ತಿ ಹೋಗಿಲ್ಲ, ಆದರೆ ಏಳುವಾಗ ಗೋಡೆ ಹಿಡಿಯುವುದು ತಪ್ಪಿದೆ. ಸೆಕೆಯೂ ಕಡಿಮೆ.

ಗೊತ್ತಿಲ್ಲದೇ ಇದ್ದದ್ದು ಒಂದು: ಗಟ್ಟಿತನ ಬೇರೆ, ಡೆನ್ಸಿಟಿ (ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವುದು) ಬೇರೆ. ಮುಟ್ಟಿದರೆ ಗಟ್ಟಿ ಅನಿಸುವ ಫೋಮ್ ಕೂಡ ಡೆನ್ಸಿಟಿ ಕಡಿಮೆ ಇದ್ದರೆ ಬೇಗ ಕುಸಿಯುತ್ತದೆ. ನನ್ನ ಹಳೆಯದರ ಕೆಳಪದರ ಘನ ಮೀಟರಿಗೆ ಬರೀ 28 ಕೆಜಿಯದ್ದು. ಫೋಮೇ ಬೇಕು ಅನ್ನುವ ನಮ್ಮಂಥ ಭಾರದವರು 40ರ ಆಸುಪಾಸು ಇದೆಯಾ ಅಂತ ಕೇಳಿಯೇ ಕೊಳ್ಳಿ.

ಹಾಂ, ಆ ಪ್ಲೈವುಡ್ ದಂಡವಾಗಲಿಲ್ಲ. ಮಂಚದ ಪಟ್ಟಿಗಳ ನಡುವೆ ಐದು ಇಂಚು ಸಂದಿ ಇತ್ತು, ಸ್ಪ್ರಿಂಗ್ ಹಾಸಿಗೆಗೆ ಅದು ಜಾಸ್ತಿ. ಈಗ ಅಲ್ಲೇ ಹಾಸಿದ್ದೇನೆ.